ಕುದಿಸುವ ಹುಳುವಿಗೆ ಯಾಕೆ ಅಷ್ಟು ಮರ್ಯಾದೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಅಜ್ಜನ ಕಾಲದಿಂದ ಹುಳು ಸಾಕುತ್ತಿದ್ದೇವೆ. ಜಪಾನಿನಲ್ಲಿ ರೇಷ್ಮೆ ಹುಳುವನ್ನು ಹಿರಿಯರನ್ನು ಕರೆದಂತೆ ಮರ್ಯಾದೆಯಿಂದ ಕರೆಯುತ್ತಿದ್ದರು ಎಂದು ಮಗಳು ಎಲ್ಲೋ ಓದಿದ್ದಾಳೆ. ಇದು ನಿಜವಾ? ಕೊನೆಗೆ ಬಿಸಿನೀರಿಗೆ ಹಾಕುವ ಹುಳುವಿಗೆ ಇಷ್ಟೆಲ್ಲ ಯಾಕೆ? ಅಷ್ಟು ದೊಡ್ಡ ಕಸುಬು ಈಗ ಅಲ್ಲಿ ಇಲ್ಲವೇ ಇಲ್ಲವಂತೆ, ಹೌದಾ? ನಾವು ಸಾಕುವ ಬಿಳಿ ಗೂಡಿನ ತಳಿ ಅಲ್ಲಿಂದ ಬಂದದ್ದಾ?

ಉತ್ತರ: ಮಗಳು ಓದಿದ್ದು ಸರಿಯಾಗಿದೆ. ಜಪಾನಿ ಭಾಷೆಯಲ್ಲಿ ರೇಷ್ಮೆ ಹುಳುವಿಗೆ ‘ಕಾಯಿಕೊ’ ಎನ್ನುತ್ತಾರೆ. ಆದರೆ ಹುಳು ಸಾಕುವ ಮನೆಗಳಲ್ಲಿ ಯಾರೂ ಬರೀ ಕಾಯಿಕೊ ಅನ್ನುತ್ತಿರಲಿಲ್ಲ. ‘ಓ-ಕಾಯಿಕೊ-ಸಾಮಾ’ ಎನ್ನುತ್ತಿದ್ದರು. ಮೊದಲಿನ ‘ಓ’ ಕೂಡ ಮರ್ಯಾದೆಗೆ, ಕೊನೆಯ ‘ಸಾಮಾ’ ಕೂಡ ಮರ್ಯಾದೆಗೆ. ಕೆಲವು ಕಡೆ ಅದು ‘ಓಕೊಸಾಮಾ’ ಆಗಿತ್ತು. ಬೇರೆಯವರ ಮನೆಯ ಮಗುವನ್ನು ಗೌರವದಿಂದ ಹೇಳುವಾಗಲೂ ಜಪಾನಿನಲ್ಲಿ ಇದೇ ಉಚ್ಚಾರದ ಮಾತಿದೆ. ಇನ್ನೊಂದು ವಿಷಯ ಕೇಳಿ. ಆ ಭಾಷೆಯಲ್ಲಿ ಎಣಿಸುವಾಗ ಒಂದೊಂದು ಜಾತಿಗೆ ಒಂದೊಂದು ಪದ. ಸಾಮಾನ್ಯ ಹುಳುಹುಪ್ಪಟೆಗೆ ‘ಹಿಕಿ’. ಹಸು, ಕುದುರೆಯಂಥ ದೊಡ್ಡ ಪ್ರಾಣಿಗೆ ‘ತೋ’. ಬೆರಳುದ್ದದ ರೇಷ್ಮೆ ಹುಳುವನ್ನು ಹಸುವಿನ ಲೆಕ್ಕದಲ್ಲಿ ‘ತೋ’ ಎಂದೇ ಎಣಿಸುತ್ತಾರೆ.

ಇದನ್ನೆಲ್ಲ ಭಕ್ತಿ ಎಂದು ಹೇಳಿ ಮುಗಿಸುವವರು ಜಾಸ್ತಿ. ನನಗೆ ಹಾಗೆ ಅನಿಸುವುದಿಲ್ಲ. ಆ ಮರ್ಯಾದೆಯ ಬುಡದಲ್ಲಿ ಭಯ ಇತ್ತು. ಹುಳು ಸಾಕಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳು ಬೆಳಿಗ್ಗೆ ಚೆನ್ನಾಗಿ ಸೊಪ್ಪು ತಿನ್ನುತ್ತಿರುತ್ತದೆ, ಸಂಜೆ ನೋಡಿದರೆ ಹಾಲುತೊಂಡೆ ರೋಗ. ಹಾಕಿದ ದುಡ್ಡೆಲ್ಲ ತಿಪ್ಪೆಗೆ. ನಮ್ಮಲ್ಲಿ ಒಂದು ಬೆಳೆ ಹೋದರೆ ಎರಡು ತಿಂಗಳಿಗೆ ಇನ್ನೊಂದು ಬರುತ್ತದೆ. ಹಳೆಯ ಜಪಾನಿನ ಬೆಟ್ಟದ ಊರುಗಳಲ್ಲಿ ಆ ಅನುಕೂಲ ಇರಲಿಲ್ಲ. ಅಲ್ಲಿನ ಮೊಟ್ಟೆ ಚಳಿಗಾಲ ಕಳೆದು ವಸಂತದಲ್ಲಿ ಮಾತ್ರ ಒಡೆಯುತ್ತಿತ್ತು. ವರ್ಷದ ಮುಖ್ಯ ಬೆಳೆ ಅದೊಂದೇ. ಮೇ ತಿಂಗಳಲ್ಲಿ ತಡವಾಗಿ ಮಂಜು ಬಿದ್ದರೆ ಹಿಪ್ಪುನೇರಳೆ ಚಿಗುರು ಒಂದೇ ರಾತ್ರಿಯಲ್ಲಿ ಕರಟಿ ಹೋಗುತ್ತಿತ್ತು. ಹುಳು ಇದೆ, ಸೊಪ್ಪಿಲ್ಲ. ಸಾಲ ತೀರಿಸುವ ಕೈಕಾಸು ಬರುವುದು ಆ ಹುಳುವಿನಿಂದಲೇ. ಇಂಥದ್ದನ್ನು ‘ಹುಳ’ ಎಂದು ಸಲಿಗೆಯಿಂದ ಕರೆಯೋಕೆ ಯಾರಿಗೆ ಧೈರ್ಯ ಬರುತ್ತದೆ ಹೇಳಿ?

ಮರ್ಯಾದೆ ಬಾಯಿಮಾತಿನಲ್ಲಿ ಮಾತ್ರ ಇರಲಿಲ್ಲ. ಮನೆಯನ್ನೇ ಹುಳುವಿಗೆ ಬಿಟ್ಟುಕೊಡುತ್ತಿದ್ದರು. ಸಾಕಣೆಯ ದಿನಗಳಲ್ಲಿ ಚಾಪೆ ಎತ್ತಿ ಕೋಣೆ ತುಂಬ ತಟ್ಟೆ ಜೋಡಿಸುತ್ತಿದ್ದರು. ಮನೆಯವರು ಮೂಲೆಯಲ್ಲಿ ಮುದುಡಿ ಮಲಗುತ್ತಿದ್ದರು. ಹುಳುವಿನ ಹತ್ತಿರ ಹೊಗೆಸೊಪ್ಪು ಸೇದುವಂತಿಲ್ಲ, ಕೈ ತೊಳೆಯದೆ ಸೊಪ್ಪು ಮುಟ್ಟುವಂತಿಲ್ಲ. ಹೊಗೆಸೊಪ್ಪಿನ ನಿಕೋಟಿನ್ ಹುಳುವಿಗೆ ವಿಷ ಎಂದು ಈಗ ನಮಗೆ ಗೊತ್ತು. ಆಗ ಅದು ಮಡಿ. ಹೆಸರು ಬೇರೆ, ಕೆಲಸ ಒಂದೇ.

ಷಿರಕಾವಾ-ಗೋ ಎಂಬ ಊರಿನ ಚಿತ್ರ ನೀವು ನೋಡಿರಬಹುದು. ಕೈಮುಗಿದಂತೆ ಕಡಿದಾಗಿ ನಿಂತ ಹುಲ್ಲಿನ ಸೂರು, ಸುತ್ತ ಹಿಮ. 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಊರು ಅದು. ಅಷ್ಟು ಎತ್ತರದ ಸೂರು ಹಿಮ ಜಾರಲಿ ಎಂದು ಕಟ್ಟಿದ್ದು ಹೌದು. ಆದರೆ ಅದರೊಳಗಿನ ಎರಡು ಮೂರು ಅಂತಸ್ತಿನ ಅಟ್ಟ ಇದ್ದದ್ದು ಹುಳುವಿಗೆ. ಅಟ್ಟದ ಹಲಗೆಗಳ ನಡುವೆ ಸಂದು ಬಿಡುತ್ತಿದ್ದರು. ಕೆಳಗಿನ ಒಲೆಯ ಬಿಸಿ ಅದರ ಮೂಲಕ ಮೇಲೆ ಏರುತ್ತಿತ್ತು. ಎರಡು ತುದಿಯ ತ್ರಿಕೋನ ಗೋಡೆಯಲ್ಲಿ ಕಿಟಕಿ, ಗಾಳಿಗೆ. ಹುಳುವಿನ ಹಿಕ್ಕೆ ಕೂಡ ವ್ಯರ್ಥ ಇಲ್ಲ. ಅದನ್ನು ಮಣ್ಣು, ಹುಲ್ಲಿನ ಜತೆ ನೆಲದಡಿಯ ಗುಂಡಿಗೆ ಹಾಕಿ ಕೊಳೆಸಿ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ತೆಗೆಯುತ್ತಿದ್ದರು. ಮೇಲೆ ರೇಷ್ಮೆ, ಕೆಳಗೆ ಕೋವಿಮದ್ದು!

ಇನ್ನು ಬಿಸಿ ಬೇಕಾ, ಗಾಳಿ ಬೇಕಾ ಎಂಬ ಜಗಳ. ಇದು ನನಗೆ ತುಂಬ ಇಷ್ಟವಾದ ಕತೆ. ಫುಕುಷಿಮಾ ಕಡೆಯವರು ಬೆಂಕಿ ಹಾಕಿ ಕೋಣೆ ಬೆಚ್ಚಗಿಟ್ಟು ಹುಳು ಬೇಗ ಬೆಳೆಸುತ್ತಿದ್ದರು. ಅಲ್ಲಿನ ನಾಕಾಮುರಾ ಝೆನ್‌ಎಮೋನ್ ಎಂಬ ಸಾಕಣೆದಾರ ವೈದ್ಯರ ಬಳಿ ಡಚ್ಚರ ಥರ್ಮಾಮೀಟರ್ ಕಂಡ. ಜ್ವರ ಅಳೆಯುವ ಕೋಲು ಹುಳುವಿನ ಕೋಣೆಗೂ ಆಗುತ್ತದಲ್ಲ ಎಂದುಕೊಂಡ. ವರ್ಷಗಟ್ಟಲೆ ಒದ್ದಾಡಿ 1849ರ ಹೊತ್ತಿಗೆ ರೇಷ್ಮೆ ಸಾಕಣೆಗೆಂದೇ ಒಂದು ಥರ್ಮಾಮೀಟರ್ ಮಾಡಿದ. ವಿದೇಶಿಯರಿಗೆ ದೇಶ ಇನ್ನೂ ಬಾಗಿಲು ತೆರೆದಿರದ ಕಾಲ ಅದು. ಇತ್ತ ಗುನ್ಮಾ ಸೀಮೆಯ ತಾಜಿಮಾ ಯಾಹೇ ಪೂರ್ತಿ ಉಲ್ಟಾ ವಾದ ಹಿಡಿದರು: ಬೆಂಕಿ ಬೇಡ, ಗಾಳಿ ಆಡಲಿ. 1863ರಲ್ಲಿ ಅವರು ಕಟ್ಟಿದ ಎರಡಂತಸ್ತಿನ ಮನೆಯ ಸೂರಿನ ನೆತ್ತಿಗೆ ಉದ್ದಕ್ಕೂ ಇನ್ನೊಂದು ಪುಟ್ಟ ಸೂರು ಏರಿಸಿ ಬಿಸಿಗಾಳಿ ಹೊರಹೋಗಲು ದಾರಿ ಮಾಡಿದರು. ಆ ನೆತ್ತಿಸೂರು ಸುತ್ತಲಿನ ಊರುಗಳಿಗೆಲ್ಲ ಮಾದರಿಯಾಯಿತು. ಮೂರನೆಯವರು ತಾಕಾಯಾಮಾ ಚೋಗೊರೋ. ಚಳಿ ಇದ್ದಾಗ ಬೆಂಕಿ, ಸೆಕೆ ಇದ್ದಾಗ ಕಿಟಕಿ, ತೇವ ನೋಡಿಕೊಂಡು ಎರಡೂ. ಈಗ ಕೇಳಿದರೆ ಇಷ್ಟೇನಾ ಅನಿಸಬಹುದು. ಆದರೆ ‘ಇಷ್ಟೇ’ಯನ್ನು ಕಲಿಯಲು ದೇಶದ ಮೂಲೆಮೂಲೆಯಿಂದ ಹುಡುಗರು ಅವರ ಸಂಸ್ಥೆಗೆ ಬಂದರು. ಇವತ್ತು ಮರಿಹುಳು ಸಾಕಿ ಕೊಡುವ ನಮ್ಮ ಚಾಕಿ ಕೇಂದ್ರಗಳಲ್ಲಿ ಎಳೆ ಹುಳುವಿಗೆ ಬಿಸಿ ಮತ್ತು ತೇವ ಜಾಸ್ತಿ, ದೊಡ್ಡ ಹುಳುವಿಗೆ ಗಾಳಿ ಜಾಸ್ತಿ ಎನ್ನುತ್ತೇವಲ್ಲ, ಆ ಮಾತಿನ ಹಿಂದೆ ಇಂಥ ಜಗಳಗಳು ಬೇಕಾದಷ್ಟಿವೆ.

ಈಗ ‘ಜ್ವರ’ದ ವಿಷಯಕ್ಕೆ ಬರುತ್ತೇನೆ. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಜಪಾನಿನವರು ನಿದ್ದೆ ಎನ್ನುತ್ತಾರೆ. ಹಳೆಯ ಕಾಲದಲ್ಲಿ ನಾಲ್ಕು ನಿದ್ದೆಗೂ ಬೇರೆ ಬೇರೆ ಹೆಸರು: ಸಿಂಹ, ಗಿಡುಗ, ದೋಣಿ, ಅಂಗಳ. ವಿಚಿತ್ರವಾಗಿದೆ ಅಲ್ವಾ? ಇದರ ಹಿಂದಿನ ಕತೆ ನಮ್ಮ ಕಡೆಯಿಂದಲೇ ಶುರುವಾಗುತ್ತದೆ. ‘ತೆಂಜಿಕು’, ಅಂದರೆ ಭಾರತ. ಅಲ್ಲೊಬ್ಬ ರಾಜ, ಅವನಿಗೊಬ್ಬ ಮಗಳು, ಹೆಸರು ‘ಚಿನ್ನದ ರಾಜಕುಮಾರಿ’. ತಾಯಿ ಸತ್ತು ಮಲತಾಯಿ ಬಂದಳು. ಅವಳು ಹುಡುಗಿಯನ್ನು ಸಿಂಹಗಳಿರುವ ಬೆಟ್ಟಕ್ಕೆ ಅಟ್ಟಿದಳು. ಸಿಂಹ ತಿನ್ನದೆ ಬೆನ್ನ ಮೇಲೆ ಹೊತ್ತು ತಂದಿತು. ಗಿಡುಗಗಳ ಬೆಟ್ಟಕ್ಕೆ ಕಳಿಸಿದಳು, ಅಲ್ಲೂ ಉಳಿದಳು. ದೂರದ ದ್ವೀಪಕ್ಕೆ ಬಿಟ್ಟಳು, ದೋಣಿಯವರು ಕರೆತಂದರು. ಕೊನೆಗೆ ಅರಮನೆಯ ಅಂಗಳದಲ್ಲೇ ಹೂತಳು. ನೆಲದಿಂದ ಬೆಳಕು ಬಂತು, ಅಗೆದರೆ ಮಗಳು. ಇನ್ನು ಇಲ್ಲಿದ್ದರೆ ಬದುಕುವುದಿಲ್ಲ ಎಂದು ಅಪ್ಪನೇ ಹಿಪ್ಪುನೇರಳೆ ಮರದ ಪೊಟರೆದೋಣಿಯಲ್ಲಿ ಕೂರಿಸಿ ಸಮುದ್ರಕ್ಕೆ ಬಿಟ್ಟ. ಅದು ತೇಲುತ್ತ ಜಪಾನಿನ ಪೂರ್ವ ಕರಾವಳಿಯ ಹಿತಾಚಿ ಸೀಮೆಗೆ ಹೋಗಿ ತಾಗಿತು. ಮೀನುಗಾರ ದಂಪತಿ ಸಾಕಿಕೊಂಡರು. ಸ್ವಲ್ಪ ದಿನಕ್ಕೆ ಹುಡುಗಿ ತೀರಿಕೊಂಡಳು. ಅವಳನ್ನಿಟ್ಟ ಪೆಟ್ಟಿಗೆ ತೆರೆದು ನೋಡಿದರೆ ಸಣ್ಣ ಸಣ್ಣ ಹುಳುಗಳು. ಬಂದದ್ದು ಹಿಪ್ಪುನೇರಳೆ ದೋಣಿಯಲ್ಲಲ್ಲವೇ ಎಂದು ಅದರ ಎಲೆ ಹಾಕಿದರು, ತಿಂದವು. ಒಂದು ದಿನ ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಸುಮ್ಮನಾದವು. ಗಾಬರಿಯಾದ ದಂಪತಿಗೆ ಕನಸಿನಲ್ಲಿ ಹುಡುಗಿ ಬಂದು ಹೇಳಿದಳು: ಹೆದರಬೇಡಿ, ನನಗೆ ನಾಲ್ಕು ಸಲ ಕಷ್ಟ ಬಂದಿತ್ತು, ಇವೂ ನಾಲ್ಕು ಸಲ ಹಾಗೆ ಮಲಗಿ ಏಳುತ್ತವೆ. ಆಮೇಲೆ ಹುಳುಗಳು ಗೂಡು ಕಟ್ಟಿದವು. ಆ ಗೂಡೇ ಅವಳ ದೋಣಿ.

ಜಪಾನಿಗೆ ರೇಷ್ಮೆ ಬಂದದ್ದು ಭಾರತದಿಂದಲ್ಲ, ಚೀನಾ ಮತ್ತು ಕೊರಿಯಾ ಕಡೆಯಿಂದ. ಕತೆಯನ್ನು ಇತಿಹಾಸ ಎಂದು ತಿಳಿಯಬೇಡಿ. ಬುದ್ಧನ ನಾಡು ಎಂಬ ಕಾರಣಕ್ಕೆ ಆ ಕಾಲದ ಜಪಾನಿಗಳಿಗೆ ಒಳ್ಳೆಯದೆಲ್ಲ ತೆಂಜಿಕುವಿನಿಂದ ಬರಬೇಕಿತ್ತು, ಅಷ್ಟೇ. ಆದರೆ ಕತೆಯ ಉಪಯೋಗ ನೋಡಿ. ಹೊಸದಾಗಿ ಮನೆಗೆ ಬಂದ ಸೊಸೆಗೆ ಹುಳು ಎಷ್ಟು ಸಲ ಪೊರೆ ಬಿಡುತ್ತದೆ, ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು ಎಂದು ಕಲಿಸಲು ಇದಕ್ಕಿಂತ ಒಳ್ಳೆ ಪಾಠ ಬೇಕಾ? ಇಬರಾಕಿಯ ತ್ಸುಕುಬಾದಲ್ಲಿ ಈ ರಾಜಕುಮಾರಿಗೆ ಸೇರಿದ ‘ಕೊಕಾಗೆ’ ಗುಡಿ ಈಗಲೂ ಇದೆ. ಈಶಾನ್ಯದ ಊರುಗಳಲ್ಲಿ ಬೇರೆ ದೇವರು, ‘ಓಷಿರಾಸಾಮಾ’. ಹಿಪ್ಪುನೇರಳೆ ಕಡ್ಡಿಯ ಜೋಡಿ ಗೊಂಬೆ, ಒಂದಕ್ಕೆ ಹುಡುಗಿಯ ತಲೆ, ಒಂದಕ್ಕೆ ಕುದುರೆಯ ತಲೆ. ವರ್ಷವರ್ಷವೂ ಒಂದೊಂದು ಬಟ್ಟೆ ಹೊದಿಸುತ್ತ ಹೋಗುತ್ತಾರೆ. ಜನವರಿ 15ರ ಸುಮಾರಿಗೆ ಬರುವ ‘ಪುಟ್ಟ ಹೊಸವರ್ಷ’ಕ್ಕೆ ಅಕ್ಕಿಹಿಟ್ಟಿನಲ್ಲಿ ಗೂಡಿನ ಆಕಾರದ ಉಂಡೆ ಮಾಡಿ ಕೊಂಬೆಗೆ ಸಿಕ್ಕಿಸುವುದುಂಟು. ಈ ವರ್ಷ ಹೀಗೇ ಗೂಡು ತುಂಬಲಿ ಎಂಬ ಹಾರೈಕೆ.

ಇಲಿಗಳ ಕಾಟ ಅಲ್ಲೂ ಇತ್ತು. ಹಾಗಾಗಿ ಬೆಕ್ಕಿಗೆ ಭಾರಿ ಬೆಲೆ. ಬೆಕ್ಕು ಸಿಗದವರು ಬೆಕ್ಕಿನ ಚಿತ್ರ ತಂದು ಗೋಡೆಗೆ ಅಂಟಿಸುತ್ತಿದ್ದರು. ಗುನ್ಮಾ ಕಡೆ ನಿತ್ತಾ ವಂಶದ ಜಮೀನ್ದಾರರೇ ಕೈಯಾರೆ ಬೆಕ್ಕಿನ ಚಿತ್ರ ಬರೆದು ಕೊಡುತ್ತಿದ್ದರು. ಈಗ ಪ್ರವಾಸಿಗರು ಮುಗಿಬೀಳುವ ಬೆಕ್ಕಿನ ದ್ವೀಪ ತಾಷಿರೊಜಿಮಾದಲ್ಲೂ ಬೆಕ್ಕು ಸಾಕಲು ಶುರು ಮಾಡಿದ್ದು ರೇಷ್ಮೆ ಹುಳುವಿನ ಕಾವಲಿಗೆ.

ಕುದಿಸುವ ವಿಷಯ ಕೇಳಿದ್ದೀರಿ. ಅವರು ಅದನ್ನು ಮುಚ್ಚಿಡಲಿಲ್ಲ. ರೇಷ್ಮೆ ಊರುಗಳಲ್ಲಿ ಹುಳುಗಳ ಆತ್ಮಕ್ಕೆಂದು ನಿಲ್ಲಿಸಿದ ಕಲ್ಲುಗಳಿವೆ. ಅಲ್ಲಿ ಸತ್ತವರಿಗೆ ಮಾಡುವಂತೆ ಪೂಜೆ ಮಾಡುತ್ತಿದ್ದರು. ಹಾಗೆಂದು ಕೋಶವನ್ನು, ಅಂದರೆ ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಹುಳುವನ್ನು, ಬಿಸಾಡಲೂ ಇಲ್ಲ. ನಾಗಾನೋ ಬೆಟ್ಟಸೀಮೆಯಲ್ಲಿ ಅದನ್ನು ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಬೇಯಿಸಿ ಅನ್ನಕ್ಕೆ ನೆಂಚಿಕೊಳ್ಳುತ್ತಾರೆ. ಕೊಳದ ಮೀನಿಗೂ ಹಾಕುತ್ತಿದ್ದರು. ಕೊಂದದ್ದಕ್ಕೆ ಕ್ಷಮೆ ಕೇಳುವುದು, ಕೊಂದದ್ದನ್ನು ಪೂರ್ತಿ ಬಳಸುವುದು, ಎರಡೂ ಅವರಿಗೆ ಒಂದೇ ಲೆಕ್ಕ. ಇದು ಸರಿಯೋ ತಪ್ಪೋ ನಾನು ಹೇಳಲಾರೆ. ಆದರೆ ಸೋಗು ಅಲ್ಲ.

ಈ ಮನೆಗೆಲಸ ದೇಶದ ಕಸುಬಾಗಿ ಬೆಳೆದದ್ದು 1859ರಲ್ಲಿ ಯೊಕೊಹಾಮಾ ಬಂದರು ತೆರೆದ ಮೇಲೆ. ಅದೇ ಹೊತ್ತಿಗೆ ಫ್ರಾನ್ಸ್, ಇಟಲಿಯಲ್ಲಿ ಗಂಟುರೋಗ ಬಿದ್ದು ಹುಳುವೆಲ್ಲ ನಾಶವಾಗಿತ್ತು. ಯುರೋಪಿನ ವ್ಯಾಪಾರಿಗಳು ರೋಗವಿಲ್ಲದ ಮೊಟ್ಟೆ ಹುಡುಕಿಕೊಂಡು ಯೊಕೊಹಾಮಾಕ್ಕೆ ಓಡಿ ಬಂದರು. ಮೊಟ್ಟೆ ಇಡಿಸಿದ ಕಾಗದದ ಹಾಳೆಗೂ ನೂಲಿಗೂ ಬಂಗಾರದ ಬೆಲೆ. ಬೇಡಿಕೆ ಏರಿದಾಗ ಏನಾಗುತ್ತದೆ ಎಂದು ನಿಮಗೂ ಗೊತ್ತು. ಕಳಪೆ ಮಾಲು ನುಗ್ಗಿತು, ಹೆಸರು ಕೆಟ್ಟಿತು. ಅದನ್ನು ಸರಿಮಾಡಲು ಸರ್ಕಾರ ಪಾಲ್ ಬ್ರುನಾ ಎಂಬ ಫ್ರೆಂಚ್ ತಜ್ಞನನ್ನು ಕರೆಸಿ 1872ರಲ್ಲಿ ಗುನ್ಮಾದ ತೊಮಿಯೋಕಾದಲ್ಲಿ ನೂಲು ಬಿಚ್ಚುವ ಗಿರಣಿ ತೆರೆಯಿತು. ಗೂಡನ್ನು ಬಿಸಿನೀರಿನಲ್ಲಿಟ್ಟು ನೂಲು ಬಿಚ್ಚುವ 300 ಬೇಸಿನ್, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಜಪಾನಿ ಹುಡುಗಿಯರ ಎತ್ತರಕ್ಕೆ ತಕ್ಕಂತೆ ಯಂತ್ರ ತಗ್ಗಿಸಿದರು. ಅಲ್ಲಿನ ಹವೆಯಲ್ಲಿ ತೇವ ಜಾಸ್ತಿ, ನೂಲು ರಾಟೆಯ ಮೇಲೇ ಅಂಟಿಕೊಳ್ಳುತ್ತಿತ್ತು. ಅದಕ್ಕೆ ಸಣ್ಣ ರಾಟೆಯಿಂದ ದೊಡ್ಡದಕ್ಕೆ ಮತ್ತೆ ಸುತ್ತುವ ಏರ್ಪಾಡು ಮಾಡಿದರು. ಅದನ್ನೇ ಈಗ ನಮ್ಮ ಫಿಲೇಚರ್‌ಗಳಲ್ಲಿ, ಅಂದರೆ ನೂಲು ಬಿಚ್ಚುವ ಗಿರಣಿಗಳಲ್ಲಿ, ರೀ-ರೀಲಿಂಗ್ ಎನ್ನುವುದು.

ಎಲ್ಲ ಸಿದ್ಧವಾಯಿತು, ಕೆಲಸಕ್ಕೆ ಹುಡುಗಿಯರೇ ಬರಲಿಲ್ಲ! ಫ್ರೆಂಚರು ಕೆಂಪು ವೈನ್ ಕುಡಿಯುವುದನ್ನು ಕಂಡವರು, ಅವರು ಹುಡುಗಿಯರ ರಕ್ತ ಕುಡಿಯುತ್ತಾರೆ ಎಂದು ಸುದ್ದಿ ಹಬ್ಬಿಸಿದ್ದರು. ಕೊನೆಗೆ ಗಿರಣಿಯ ಮುಖ್ಯಸ್ಥ ಒದಾಕಾ ಅತ್ಸುತಾದಾ ತನ್ನ ಎಳೆಹರೆಯದ ಮಗಳನ್ನೇ ಮೊದಲ ಕೆಲಸಗಾರಳಾಗಿ ಸೇರಿಸಬೇಕಾಯಿತು. ಸಮುರಾಯಿ ಮನೆಗಳ ಹೆಣ್ಣುಮಕ್ಕಳೂ ಬಂದರು. ಕಲಿತು ತಮ್ಮೂರಿಗೆ ಹೋಗಿ ಬೇರೆಯವರಿಗೆ ಕಲಿಸಿದರು. ದಿನಕ್ಕೆ ಸುಮಾರು ಎಂಟು ಗಂಟೆ ಕೆಲಸ, ಭಾನುವಾರ ರಜೆ.

ಮುಂದೆ ಎಲ್ಲ ಕಡೆ ಹೀಗಿರಲಿಲ್ಲ. ನಾಗಾನೋದ ಸುವಾ ಸರೋವರದ ಸುತ್ತ ಖಾಸಗಿ ಗಿರಣಿಗಳು ಎದ್ದವು. ಹಿದಾ ಸೀಮೆಯ ಬಡ ಹುಡುಗಿಯರು 1,672 ಮೀಟರ್ ಎತ್ತರದ ನೊಮುಗಿ ಕಣಿವೆಯನ್ನು ಹಿಮದಲ್ಲಿ ದಾಟಿ ಅಲ್ಲಿಗೆ ನಡೆದು ಬರುತ್ತಿದ್ದರು. ಹದಿಮೂರು, ಹದಿನಾಲ್ಕು ಗಂಟೆ ದುಡಿಮೆ. ನೂಲು ಸರಿಯಿಲ್ಲದಿದ್ದರೆ ಸಂಬಳದಲ್ಲಿ ಕಡಿತ. 1886ರಲ್ಲಿ ಕೋಫು ಊರಿನ ಗಿರಣಿಯೊಂದರ ಹುಡುಗಿಯರು ಕೆಲಸ ಬಿಟ್ಟು ಕೂತರು. ಜಪಾನಿನ ಗಿರಣಿ ಕಾರ್ಮಿಕರ ಮೊದಲ ಮುಷ್ಕರ ಎಂದು ಅದನ್ನು ಹೇಳುತ್ತಾರೆ. ಹುಳುವಿಗೆ ‘ಸಾಮಾ’ ಎಂದ ನಾಡು ನೂಲು ಬಿಚ್ಚುವ ಹುಡುಗಿಯರಿಗೆ ಅಷ್ಟು ಮರ್ಯಾದೆ ಕೊಡಲಿಲ್ಲ. ಹುಳು ಸಾಕುವ ಹಳ್ಳಿಮನೆಯಲ್ಲಿ ಮಾತ್ರ ಲೆಕ್ಕ ಬೇರೆ ಇತ್ತು. ಗುನ್ಮಾಕ್ಕೆ ಎರಡು ವಿಷಯಕ್ಕೆ ಹೆಸರು ಎಂಬ ಗಾದೆಯಿದೆ: ಒಣಗಾಳಿ ಮತ್ತು ಜೋರಿನ ಹೆಂಡತಿ. ರೇಷ್ಮೆಯ ದುಡ್ಡು ಅವಳ ಕೈಯದು, ಜೋರು ಇರದೇ ಇರುತ್ತದೆಯೇ!

ವರ್ಷಕ್ಕೊಂದೇ ಬೆಳೆ ಎಂದೆನಲ್ಲ, ಅದನ್ನು ಮುರಿದದ್ದು ಹೇಗೆ ಗೊತ್ತಾ? ಗುನ್ಮಾದ ಅರಾಫುನೆ ಎಂಬಲ್ಲಿ ಬಂಡೆಗಳ ಸಂದಿನಿಂದ ಬೇಸಿಗೆಯಲ್ಲೂ ಫ್ರಿಜ್ಜಿನಂಥ ತಣ್ಣನೆ ಗಾಳಿ ಬರುತ್ತದೆ. 1905ರಿಂದ ಅಲ್ಲಿ ಉಗ್ರಾಣ ಕಟ್ಟಿ ಮೊಟ್ಟೆಯ ಹಾಳೆಗಳನ್ನು ಇಟ್ಟರು. ತಣ್ಣಗಿರುವಷ್ಟು ದಿನ ಮೊಟ್ಟೆಗೆ ಇನ್ನೂ ಚಳಿಗಾಲವೇ. ಬೇಕಾದಾಗ ಹೊರಗೆ ತೆಗೆದರೆ ವಸಂತ. ಹೀಗೆ ಬೇಸಿಗೆ, ಶರತ್ಕಾಲದಲ್ಲೂ ಬೆಳೆ ತೆಗೆದರು. ಆಮೇಲೆ ತೊಯಾಮಾ ಕಾಮೆತಾರೊ ಎಂಬ ವಿಜ್ಞಾನಿ ಬೇರೆ ಬೇರೆ ತಳಿ ಕೂಡಿಸಿ, ಮೊದಲ ತಲೆಮಾರಿನ ಮಿಶ್ರತಳಿ ಹುಳು ಅಪ್ಪ-ಅಮ್ಮ ಇಬ್ಬರಿಗಿಂತಲೂ ಗಟ್ಟಿ ಎಂದು 1906ರಲ್ಲಿ ತೋರಿಸಿದರು. 1914ರಿಂದ ಅಂಥ ಮೊಟ್ಟೆ ರೈತರಿಗೆ ಹಂಚಿದರು. ಹೈಬ್ರಿಡ್ ಮೆಕ್ಕೆಜೋಳ ಹೊಲಕ್ಕೆ ಬರುವ ಮೊದಲೇ ಹೈಬ್ರಿಡ್ ಹುಳು ಮನೆಗೆ ಬಂದಿತ್ತು.

1930ರ ಹೊತ್ತಿಗೆ ಸುಮಾರು 22 ಲಕ್ಷ ರೈತ ಮನೆಗಳಲ್ಲಿ ಹುಳು ಸಾಕುತ್ತಿದ್ದರು. ವರ್ಷಕ್ಕೆ ಸುಮಾರು 4 ಲಕ್ಷ ಟನ್ ಗೂಡು. ನೂಲು ಬಹುಪಾಲು ಹೋಗುತ್ತಿದ್ದದ್ದು ಅಮೆರಿಕಕ್ಕೆ, ಹೆಂಗಸರ ಕಾಲುಚೀಲಕ್ಕೆ. ಅಲ್ಲೇ ಕುತ್ತಿಗೆ ಸಿಕ್ಕಿಹಾಕಿಕೊಂಡದ್ದು. 1929ರ ಕುಸಿತದಲ್ಲಿ ಬೆಲೆ ನೆಲ ಕಚ್ಚಿತು. 1940ರಲ್ಲಿ ನೈಲಾನ್ ಕಾಲುಚೀಲ ಬಂತು. ಯುದ್ಧದಲ್ಲಿ ಹಿಪ್ಪುನೇರಳೆ ಕಿತ್ತು ಆಹಾರ ಬೆಳೆದರು. ಯುದ್ಧದ ಮೇಲೆ ಸ್ವಲ್ಪ ಚೇತರಿಸಿಕೊಂಡರೂ ಕಿಮೋನೊ ಉಡುವವರು ಕಡಿಮೆಯಾದರು, ಹೊರಗಿನ ಅಗ್ಗದ ರೇಷ್ಮೆ ಬಂತು, ಹಳ್ಳಿ ಹುಡುಗರು ಕಾರ್ಖಾನೆಗೆ ಹೋದರು. ತೊಮಿಯೋಕಾ ಗಿರಣಿ 1987ರಲ್ಲಿ ನಿಂತಿತು. 2014ರಲ್ಲಿ ಅದಕ್ಕೂ, ತಾಜಿಮಾರ ಮನೆಗೂ, ತಾಕಾಯಾಮಾರ ಶಾಲೆಗೂ, ಅರಾಫುನೆ ಉಗ್ರಾಣಕ್ಕೂ ಸೇರಿಸಿ ಯುನೆಸ್ಕೊ ಪಟ್ಟ ಸಿಕ್ಕಿತು. ಈಗ ಇಡೀ ದೇಶದಲ್ಲಿ ಹುಳು ಸಾಕುವ ಮನೆಗಳು 200ಕ್ಕಿಂತ ಕಡಿಮೆ. ಸರ್ಕಾರಿ ನಕ್ಷೆಗಳಲ್ಲಿ ಹಿಪ್ಪುನೇರಳೆ ತೋಟಕ್ಕೆಂದು ಒಂದು ಗುರುತು ಇತ್ತು. 2013ರಲ್ಲಿ ಅದನ್ನೂ ತೆಗೆದರು.

ಇನ್ನೂ ಸಾಕುತ್ತಿರುವ ಮನೆಗಳಲ್ಲಿ ಒಂದನ್ನು ಹೇಳಲೇಬೇಕು. ಅದು ಟೋಕಿಯೊದ ಅರಮನೆ. 1871ರಲ್ಲಿ ಶೋಕೆನ್ ಮಹಾರಾಣಿ ಶುರು ಮಾಡಿದ ಸಾಕಣೆಯನ್ನು ಈಗಿನ ಮಸಾಕೊ ಮಹಾರಾಣಿಯೂ ಮಾಡುತ್ತಿದ್ದಾರೆ. ಅಲ್ಲಿ ಕೊಯಿಶಿಮಾರು ಎಂಬ ಹಳೆಯ ತಳಿ ಇದೆ. ಕಡಲೆಕಾಯಿಯಂತೆ ನಡು ಸಣ್ಣಗಿರುವ ಪುಟ್ಟ ಗೂಡು, ತುಂಬ ನವಿರಾದ ಎಳೆ, ಇಳುವರಿ ಕಡಿಮೆ. ಲಾಭವಿಲ್ಲ ಎಂದು ಕೈಬಿಡಲು ಹೊರಟಾಗ ಹಿಂದಿನ ಮಹಾರಾಣಿ ಮಿಚಿಕೊ ಉಳಿಸಿಕೊಂಡರು. ನಾರಾದ ಶೋಸೋಯಿನ್ ಭಂಡಾರದಲ್ಲಿ 8ನೇ ಶತಮಾನದ ಬಟ್ಟೆಗಳಿವೆ. ಅವನ್ನು ಅದೇ ರೀತಿ ಮತ್ತೆ ನೇಯಬೇಕಾದಾಗ ಈಗಿನ ಹೈಬ್ರಿಡ್ ನೂಲು ದಪ್ಪವಾಯಿತು. ಬೇಕಾದ ಸಣ್ಣ ಎಳೆ ಸಿಕ್ಕಿದ್ದು ಈ ಹುಳುವಿನಲ್ಲೇ.

ಕೊನೆಗೆ ನಿಮ್ಮ ಬಿಳಿ ಗೂಡು. ಹೌದು, ಸಂಬಂಧ ಇದೆ, ಅದೂ ಹಳೆಯದು. 19ನೇ ಶತಮಾನದ ಕೊನೆಗೆ ಜಮ್ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿ ಜಪಾನಿನ ತಜ್ಞರನ್ನು ಕರೆಸಿದ್ದರು. ಬಸವನಗುಡಿ ಪಕ್ಕದ ಬಡಾವಣೆಗೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಉಳಿದಿರುವುದು ಅದರಿಂದ. ಆಮೇಲೆ ನಮ್ಮ ಮೈಸೂರು ತಳಿಯನ್ನು ‘ಸಿ. ನಿಚಿ’ ಎಂಬ ಜಪಾನಿ ತಳಿಯ ಜತೆ ಕೂಡಿಸಿ ಮಿಶ್ರತಳಿ ಮಾಡಿದರು. ಕೇಂದ್ರ ರೇಷ್ಮೆ ಮಂಡಳಿ 1991ರಿಂದ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಜತೆ ಬಿಳಿ ಗೂಡಿನ ದ್ವಿತಳಿ (ಬೈವೋಲ್ಟೈನ್) ಹುಳುವಿನ ಕೆಲಸಕ್ಕೆ ಕೈಹಾಕಿತು. ಅದೇ ದಶಕದಲ್ಲಿ ಮೈಸೂರಿನ ಸಂಶೋಧನಾ ಸಂಸ್ಥೆಯಿಂದ ಬಂದದ್ದು ಸಿಎಸ್‌ಆರ್-2, ಸಿಎಸ್‌ಆರ್-4 ಎಂಬ ತಳಿಗಳ ಜೋಡಿ. ಅವುಗಳ ವಂಶದಲ್ಲಿ ಜಪಾನಿ ರಕ್ತ ಇದೆ. ಆದರೆ ನಮ್ಮ ಸೆಕೆ ತಡೆಯುವಂತೆ ಆರಿಸಿ ತೆಗೆದದ್ದು ಇಲ್ಲಿಯವರೇ.

ನಿಮ್ಮ ಮನೆಯಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿ ಬಿಟ್ಟು ತಿರುಗುವ ಚಂದ್ರಂಕಿ ತಂದಿದ್ದರೆ ಅದೂ ಜಪಾನಿನದ್ದೇ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವಿಗೆ ಮೇಲೆ ಹತ್ತುವ ಚಾಳಿ. ಎಲ್ಲ ಮೇಲೆ ಸೇರಿದಾಗ ಭಾರಕ್ಕೆ ಚೌಕಟ್ಟು ತಾನೇ ಮಗುಚುತ್ತದೆ. ಮತ್ತೆ ಹತ್ತುತ್ತವೆ, ಮತ್ತೆ ಮಗುಚುತ್ತದೆ. ಹತ್ತಿ ಹತ್ತಿ ಒಂದೊಂದು ಹುಳು ಒಂದೊಂದು ಕೋಣೆ ಹಿಡಿದು ಕೂರುತ್ತದೆ. ಜೋಡಿಗೂಡು ಕಡಿಮೆ, ಉಚ್ಚೆ ಕಲೆಯೂ ಕಡಿಮೆ. ತೂಗುಹಾಕುವಾಗ ಎರಡೂ ಕಡೆ ಸಲೀಸಾಗಿ ತಿರುಗುತ್ತದೆಯಾ ಎಂದು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿ. ತಂತಿ ಓರೆಯಾಗಿದ್ದರೆ ಅದು ಮಗುಚುವುದೇ ಇಲ್ಲ.